ಬುಕ್ಕರಾಯನ ಶಾಸನವೂ ಸೈರಣೆಯ ಸ್ವರೂಪವೂ

ಶ್ರವಣಬೆಳಗೊಳದ ಭಂಡಾರಿ ಬಸದಿಯ ಬಳಿಯಿರುವ ಶಕವರ್ಷ 1290ರ (ಕ್ರಿ.ಶ. 1368) ಶಾಸನವು ಕರ್ನಾಟಕದ ಮತಸಾಮರಸ್ಯಕ್ಕೆ ನಿದರ್ಶನವೆಂದು ಬಹುಕಾಲದಿಂದ ಉಲ್ಲೇಖಗೊಳ್ಳುತ್ತ ಬಂದಿದೆ. ಅದರ ಆರಂಭದ ಪದ್ಯವನ್ನು ನೆನೆಯುವವರು ಮಾತ್ರ ವಿರಳ. ಜೈನರಿಗೆ ಅಭಯ ನೀಡುವ ಈ ಶಾಸನ ತೊಡಗುವುದು ಜಿನಸ್ತುತಿಯಿಂದಲ್ಲ, ರಾಮಾನುಜಾಚಾರ್ಯರ ಸ್ತುತಿಯಿಂದ. ಪಾಷಂಡರೆಂಬ ಕಡಲಿಗೆ ಅವರು ಬಡಬಾಗ್ನಿಯೆಂದು ಅಲ್ಲಿ ಕೀರ್ತಿತರಾಗಿದ್ದಾರೆ. ‘ಪಾಷಂಡ’ ಎಂಬುದು ವೇದಪ್ರಾಮಾಣ್ಯವನ್ನು ಒಪ್ಪದವರಿಗೆ ವೈದಿಕರು ಇಟ್ಟ ಹೆಸರು. ಜೈನರೂ ಅದರೊಳಗೆ ಸೇರಿದವರೇ. ಒಂದೇ ಕಲ್ಲಿನ ಮೇಲೆ ಪರಮತಖಂಡನದ ಹೆಮ್ಮೆಯೂ ಪರಮತರಕ್ಷಣೆಯ ಪ್ರತಿಜ್ಞೆಯೂ ಕೂಡಿ ನಿಂತಿವೆ.

ಪ್ರಸಂಗ ಸುಪರಿಚಿತ. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಯ ಭವ್ಯಜನರು, ಭಕ್ತರಿಂದ ತಮಗಾಗುತ್ತಿದ್ದ ಅನ್ಯಾಯವನ್ನು ಬುಕ್ಕರಾಯನಿಗೆ ಬಿನ್ನವಿಸಿಕೊಂಡರು. ಭಕ್ತರೆಂದರೆ ಇಲ್ಲಿ ಶ್ರೀವೈಷ್ಣವರು. ಅರಸನು ಶ್ರೀರಂಗ, ತಿರುಪತಿ, ಕಂಚಿ, ಮೇಲುಕೋಟೆಗಳ ಆಚಾರ್ಯರೂ ಸೇರಿದ್ದ ವೈಷ್ಣವ ಸಮುದಾಯದ ಕೈಯಲ್ಲಿ ಜೈನರ ಕೈಯನ್ನಿರಿಸಿ, ಎರಡು ದರ್ಶನಗಳ ನಡುವೆ ಭೇದವಿಲ್ಲವೆಂದು ಸಾರಿದನು. ಜೈನದರ್ಶನಕ್ಕೆ ಹಿಂದಿನಿಂದ ಸಲ್ಲುತ್ತಿದ್ದ ಪಂಚಮಹಾವಾದ್ಯ, ಕಲಶಗಳು ಮುಂದೆಯೂ ಸಲ್ಲತಕ್ಕವು. ಜೈನರಿಗೆ ಭಕ್ತರ ದೆಸೆಯಿಂದ ಹಾನಿಯಾದರೆ ವೈಷ್ಣವರು ಅದನ್ನು ತಮ್ಮದೇ ಹಾನಿಯೆಂದು ಭಾವಿಸಬೇಕು.

ಇಲ್ಲಿ ‘ಭೇದವಿಲ್ಲ’ ಎಂಬುದನ್ನು ತತ್ತ್ವದ ಮಾತೆಂದು ಓದುವುದು ತಪ್ಪಾದೀತು. ಜಗತ್ಕರ್ತನಾದ ಈಶ್ವರನನ್ನು ಒಪ್ಪದ ದರ್ಶನಕ್ಕೂ ನಾರಾಯಣನನ್ನೇ ಪರತತ್ತ್ವವೆನ್ನುವ ದರ್ಶನಕ್ಕೂ ಭೇದವಿಲ್ಲವೆಂದು ಆ ಆಚಾರ್ಯರಲ್ಲಿ ಯಾರೂ ನಂಬಿರಲಾರರು, ಜೈನರೂ ನಂಬಿರಲಾರರು. ಅಲ್ಲಿ ಇತ್ಯರ್ಥವಾದದ್ದು ವಾದ್ಯ, ಕಲಶ, ಕಾವಲುಗಳಂಥ ಕಣ್ಣಿಗೆ ಕಾಣುವ ಹಕ್ಕುಗಳು. ಈ ಶಾಂತಿ ಸಮಸಮವಾದುದೂ ಅಲ್ಲ. ಪ್ರತಿ ಜೈನ ಮನೆಯಿಂದ ವರ್ಷಕ್ಕೊಂದು ಹಣ ಎತ್ತಬೇಕು. ತಿರುಮಲೆಯ ತಾತಯ್ಯ ಅದರಿಂದ ಬೆಳಗೊಳದ ದೇವರಿಗೆ ಇಪ್ಪತ್ತು ಕಾವಲಾಳುಗಳನ್ನಿರಿಸಿ, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳನ್ನು ದುರಸ್ತಿ ಮಾಡಿಸಬೇಕು. ರಕ್ಷಣೆ ಬೇಡಿದವರೇ ಅದರ ವೆಚ್ಚವನ್ನೂ ಹೊತ್ತರು ಎಂಬುದನ್ನು ಸಾಮರಸ್ಯದ ಭಾಷಣಗಳು ಸಾಮಾನ್ಯವಾಗಿ ಹೇಳುವುದಿಲ್ಲ.

ಇಂಥ ಒಪ್ಪಂದ ಏರ್ಪಡದ ಕಡೆ ಏನಾಗುತ್ತಿತ್ತೆಂಬುದಕ್ಕೆ ಹಾವೇರಿ ಜಿಲ್ಲೆಯ ಅಬ್ಬಲೂರಿನ, ಸುಮಾರು 1200ರ ಶಾಸನವಿದೆ. ಏಕಾಂತದ ರಾಮಯ್ಯ ತನ್ನ ತಲೆಯನ್ನೇ ಪಣವಾಗಿಟ್ಟು ಅರಿದು, ಏಳನೆಯ ದಿನ ಮರಳಿ ಪಡೆದನಂತೆ. ಜೈನರು ಓಲೆಯಲ್ಲಿ ಕೊಟ್ಟ ಮಾತಿಗೆ ತಪ್ಪಿದ್ದರಿಂದ ಜಿನಬಿಂಬವನ್ನು ಒಡೆದನಂತೆ. ಕೊನೆಗೆ ಬಿಜ್ಜಳನಿಂದ ಜಯಪತ್ರವನ್ನೂ ಪಡೆದನಂತೆ. ಇದು ಗೆದ್ದವರ ಬರಹವೆಂಬುದನ್ನು ಮರೆಯಲಾಗದು. ಆದರೂ ಗಮನಿಸಬೇಕಾದ ಸಂಗತಿಯೊಂದಿದೆ: ಅಬ್ಬಲೂರಿನಲ್ಲಿ ಪಣಕ್ಕೊಡ್ಡಿದ್ದು ಸತ್ಯವನ್ನು, ಯಾವ ದೇವರು ನಿಜವೆಂಬುದನ್ನು. ಹಾಗೆ ಒಡ್ಡಿದ ಮೇಲೆ ಸೋತವನ ಬಸದಿಗೆ ಉಳಿವಿಲ್ಲ. ಬೆಳಗೊಳದಲ್ಲಿ ಆ ಪ್ರಶ್ನೆಯನ್ನು ಯಾರೂ ಎತ್ತಲಿಲ್ಲ.

ಏಕನಿಷ್ಠೆಯ ಭಕ್ತಿ ಅಸಹನೆಯನ್ನೂ, ಬಹುದೃಷ್ಟಿಯ ದರ್ಶನ ಸಹನೆಯನ್ನೂ ತಾನಾಗಿಯೇ ಹುಟ್ಟಿಸುತ್ತವೆಂಬ ಸರಳ ಸಮೀಕರಣ ಇಲ್ಲಿ ನಿಲ್ಲುವುದಿಲ್ಲ. ಅನೇಕಾಂತವನ್ನು ಬೋಧಿಸಿದ ಜೈನಾಚಾರ್ಯರೂ ವಾದಿಗಳೆಂದು, ಪರವಾದಿಗಳನ್ನು ಮುರಿದವರೆಂದು ಶಾಸನಗಳಲ್ಲಿ ಹೊಗಳಿಸಿಕೊಂಡವರೇ. ಇತ್ತ ಏಕನಿಷ್ಠರಾದ ವೀರಶೈವರು 1638ರಲ್ಲಿ ಹಳೇಬೀಡಿನಲ್ಲಿ ನಡೆದುಕೊಂಡ ಬಗೆ ಬೇರೆಯೇ. ವಿಜಯಪಾರ್ಶ್ವನಾಥ ಬಸದಿಯ ಕಂಬಗಳ ಮೇಲೆ ಹುಚ್ಚಪ್ಪದೇವನೆಂಬವನು ಲಿಂಗಮುದ್ರೆಯೊತ್ತಿದ. ವಿಜಯಪ್ಪನೆಂಬ ಜೈನ ಅದನ್ನು ಅಳಿಸಿದ. ಎರಡೂ ಕಡೆಯ ಹಿರಿಯರು ಕೂಡಿ, ಮೊದಲು ವಿಭೂತಿ ವೀಳ್ಯಗಳನ್ನು ಸಲ್ಲಿಸಿ, ಬಳಿಕ ಪಾರ್ಶ್ವನಾಥನ ಪೂಜೆಯನ್ನು ಹಿಂದಿನಂತೆ ನಡೆಸತಕ್ಕದ್ದೆಂದು ನಿರ್ಣಯಿಸಿದರು. ವಿಭೂತಿಗೆ ಮೊದಲ ಮರ್ಯಾದೆ ಸಂದಿತೆಂಬುದು ನಿಜ. ಆದರೆ ಜಿನಧರ್ಮಕ್ಕೆ ಅಡ್ಡಿಪಡಿಸಿದವನು ಶಿವದ್ರೋಹಿ, ಜಂಗಮದ್ರೋಹಿ ಎಂದು ಬರೆಸಿಕೊಟ್ಟವರು ಮಹಾಮಹತ್ತಿನವರೇ. ಪರಮತವನ್ನು ಕಾಯುವ ಹೊಣೆ ಇಲ್ಲಿ ಸ್ವಮತದ ಪಾಪಪುಣ್ಯಗಳ ನುಡಿಯಲ್ಲೇ ಮೂಡಿದೆ. ಅರಸನ ಆಜ್ಞೆಗಿಂತ ಇದು ಆಳಕ್ಕಿಳಿಯುವ ಕಟ್ಟು.

ಪರವಿಚಾರವನ್ನೂ ಪರಧರ್ಮವನ್ನೂ ಸಹಿಸಬಲ್ಲುದೇ ಸಂಪತ್ತೆಂದು ಕವಿರಾಜಮಾರ್ಗ ಒಂಬತ್ತನೆಯ ಶತಮಾನದಲ್ಲಿಯೇ ಹೇಳಿತ್ತು. ಅಲ್ಲಿ ಬಳಕೆಯಾದ ಕ್ರಿಯಾಪದ ‘ಸೈರಿಸು’. ಒಪ್ಪು ಎಂದಲ್ಲ, ಮೆಚ್ಚು ಎಂದೂ ಅಲ್ಲ. ಅದೂ ‘ಸೈರಿಸಬಲ್ಲೆಯಾದರೆ’ ಎಂಬ ಷರತ್ತಿನೊಡನೆ ಬಂದಿದೆ.

ಬೆಳಗೊಳದ ಶಾಸನದ ಕೊನೆಯ ಭಾಗದಲ್ಲಿ ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿಯ ಹೆಸರು ಬರುತ್ತದೆ. ಬುಕ್ಕರಾಯನಿಗೆ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಕೊಂಡು, ಶಾಸನವನ್ನು ಜೀರ್ಣೋದ್ಧಾರ ಮಾಡಿಸಿದವನು ಇವನೇ. ಉಭಯ ಸಮಯಗಳೂ ಕೂಡಿ ಅವನಿಗೆ ‘ಸಂಘನಾಯಕ’ ಪಟ್ಟ ಕಟ್ಟಿದವು.