ತೊಡೆಸಂದಿನಿಂದ ಮಣಿಕಟ್ಟಿಗೆ

ರಕ್ತನಾಳದೊಳಗೆ ತೆಳುವಾದ ನಳಿಕೆಯನ್ನು ತೂರಿಸಿ ಹೃದಯವನ್ನು ತಲುಪುವ ಕ್ಯಾತಿಟರ್ ಚಿಕಿತ್ಸೆಗಾಗಿ ಚಿಕ್ಕಬಳ್ಳಾಪುರ ಸೀಮೆಯ ಜನ ಬಹುಕಾಲ ಊರು ಬಿಟ್ಟೇ ಹೋಗಬೇಕಾಗಿತ್ತು. ಈ ತಾಲ್ಲೂಕುಗಳು 2007ರಲ್ಲಿ ಕೋಲಾರದಿಂದ ಬೇರ್ಪಟ್ಟು ಹೊಸ ಜಿಲ್ಲೆಯಾಗುವ ಹೊತ್ತಿಗೆ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆ, ಆಂಧ್ರದ ಗಡಿಯಾಚೆ ಪುಟ್ಟಪರ್ತಿಯಲ್ಲಿ 1991ರಲ್ಲಿ ತೆರೆದ ಉಚಿತ ಆಸ್ಪತ್ರೆ ಮತ್ತು 2001ರಲ್ಲಿ ವೈಟ್‌ಫೀಲ್ಡಿನಲ್ಲಿ ಆರಂಭವಾದ ಅದರ ಜೊತೆ ಆಸ್ಪತ್ರೆ, ಈ ಮೂರೂ ಇಲ್ಲಿನವರಿಗೆ ಎಟುಕುವ ದೂರದಲ್ಲಿದ್ದವು.

ಈ ಚಿಕಿತ್ಸೆಯ ಇತಿಹಾಸದಲ್ಲಿ ಜರ್ಮನಿಯ ವರ್ನರ್ ಫೋರ್ಸ್‌ಮನ್ 1929ರಲ್ಲಿ ತನ್ನದೇ ತೋಳಿನ ಅಭಿಧಮನಿಯ ಮೂಲಕ ಹೃದಯಕ್ಕೆ ನಳಿಕೆ ಹಾಯಿಸಿಕೊಂಡ ಸಾಹಸ ಪ್ರಸಿದ್ಧವಾಗಿದೆ. ಆದರೆ ರೋಗಿಯ ದೃಷ್ಟಿಯಿಂದ ಅದಕ್ಕಿಂತ ದೊಡ್ಡ ತಿರುವು ಸ್ವೀಡನ್ನಿನ ಸೆಲ್ಡಿಂಗರ್ 1953ರಲ್ಲಿ ಪ್ರಕಟಿಸಿದ ವಿಧಾನ. ಚರ್ಮವನ್ನು ಕೊಯ್ದು ನಾಳವನ್ನು ಹೊರತೆಗೆಯುವ ಬದಲು ಸೂಜಿಯಿಂದ ಚುಚ್ಚಿ, ಅದರೊಳಗಿಂದ ತಂತಿ ಇಳಿಸಿ, ತಂತಿಯ ಮೇಲೆ ನಳಿಕೆ ಜಾರಿಸುವುದು ಸಾಧ್ಯವಾಯಿತು. 1977ರಲ್ಲಿ ಗ್ರುಂಟ್ಸಿಗ್ ಜ್ಯೂರಿಚ್‌ನಲ್ಲಿ ಬಲೂನಿನಿಂದ ಹೃದಯದ ಧಮನಿಯನ್ನು ಹಿಗ್ಗಿಸಿದ ನಂತರ ಈ ಚುಚ್ಚುವಿಕೆ ಸಾಮಾನ್ಯವಾಗಿ ತೊಡೆಸಂದಿನ ದಪ್ಪ ಧಮನಿಯಲ್ಲೇ ನಡೆಯತೊಡಗಿತು.

ತೊಂದರೆಯ ಮೂಲವೂ ಅದೇ ಆಗಿತ್ತು. ನಳಿಕೆ ತೆಗೆದ ಮೇಲೆ ಸಿಬ್ಬಂದಿ ಹದಿನೈದು ಇಪ್ಪತ್ತು ನಿಮಿಷ ಬೆರಳಿನಿಂದ ಒತ್ತಿ ಹಿಡಿದು, ನಂತರ ಮರಳಿನ ಚೀಲವಿಟ್ಟು, ಕಾಲನ್ನು ಮಡಿಸದಂತೆ ಗಂಟೆಗಟ್ಟಲೆ ಮಲಗಿಸುತ್ತಿದ್ದರು. ಚುಚ್ಚಿದ ಜಾಗ ಮೇಲಕ್ಕಾದರೆ ರಕ್ತವು ಹೊಟ್ಟೆಯ ಹಿಂಬದಿಗೆ ಸೋರುತ್ತದೆ. ಹೊರಗೆ ಒಂದು ಹನಿಯೂ ಕಾಣದು, ಬೆನ್ನುನೋವು ಮತ್ತು ಕುಸಿಯುವ ರಕ್ತದೊತ್ತಡಗಳೇ ಸುಳಿವು. ರಂಧ್ರ ಮುಚ್ಚದೆ ಉಳಿದರೆ ಧಮನಿಯ ಪಕ್ಕದಲ್ಲಿ ಮಿಡಿಯುವ ರಕ್ತದ ಗಂಟು ಉಂಟಾಗುತ್ತದೆ, ಇದೇ ಸ್ಯೂಡೋಅನ್ಯೂರಿಸಂ. ಇದಕ್ಕೆ ಹಿಂದೆ ಶಸ್ತ್ರಚಿಕಿತ್ಸೆಯೇ ಗತಿಯಾಗಿತ್ತು. 1990ರ ದಶಕದಲ್ಲಿ ಸ್ಕ್ಯಾನಿಂಗ್ ನೋಡುತ್ತ ಒತ್ತುವ, ಬಳಿಕ ರಕ್ತ ಹೆಪ್ಪುಗಟ್ಟಿಸುವ ಥ್ರಾಂಬಿನ್ ಚುಚ್ಚುವ ಪದ್ಧತಿಗಳು ಬಂದವು.

ಈ ತೊಂದರೆಗಳನ್ನು ತಪ್ಪಿಸುವ ದಾರಿ ಮಣಿಕಟ್ಟಿನಲ್ಲಿತ್ತು. ಕೆನಡಾದ ಕಾಂಪೋ 1989ರಲ್ಲಿ ಮಣಿಕಟ್ಟಿನಿಂದ ಆಂಜಿಯೋಗ್ರಾಂ ಮಾಡಿದ್ದನ್ನು ವರದಿ ಮಾಡಿದರು. 1992ರಲ್ಲಿ ನೆದರ್‌ಲ್ಯಾಂಡ್ಸಿನ ಕಿಮೆನೈ ಅದೇ ದಾರಿಯಲ್ಲಿ ಬಲೂನ್ ಚಿಕಿತ್ಸೆ ನೀಡಿದರು. ಮಣಿಕಟ್ಟಿನಲ್ಲಿ ಧಮನಿ ಚರ್ಮದಡಿಯಲ್ಲೇ ಇದ್ದು, ಕೆಳಗೆ ಮೂಳೆಯ ಆಸರೆಯಿರುವುದರಿಂದ ಒತ್ತುವ ಪಟ್ಟಿಯೊಂದೇ ಸಾಕು. ಚುಚ್ಚಿದ ಧಮನಿ ಮುಚ್ಚಿಕೊಂಡರೂ ಅಂಗೈಗೆ ಎರಡನೆಯ ಧಮನಿಯ ರಕ್ತ ಒದಗುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆಯ ಚಿಂತಾಮಣಿಯಿಂದಲೋ ಶಿಡ್ಲಘಟ್ಟದಿಂದಲೋ ಬಂದು, ಬೇಗ ಎದ್ದು ಓಡಾಡಿ ಊರಿಗೆ ಮರಳಬೇಕಾದ ರೈತನಿಗೆ ಇದು ಸಣ್ಣ ಲಾಭವಲ್ಲ. ಹೃದಯಾಘಾತವಾದವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ದೊಡ್ಡಾಸ್ಪತ್ರೆಗೆ ಕಳುಹಿಸುವ ಪದ್ಧತಿ ಬಂದ ಮೇಲಂತೂ, ರಕ್ತ ತೆಳುವಾಗಿಯೇ ಬರುವ ಅಂಥ ರೋಗಿಗಳ ತೊಡೆಸಂದನ್ನು ಚುಚ್ಚುವುದು ಮತ್ತಷ್ಟು ಅಪಾಯಕರವಾದ ಕಾರಣ ಮಣಿಕಟ್ಟಿನ ದಾರಿಯ ಬೆಲೆ ಇನ್ನೂ ಹೆಚ್ಚಿದೆ.