ನೆಲದೊಳಗಣ ನಾಳೆ

ಬಯಲುಸೀಮೆಯ ರೈತನು ಸುಗ್ಗಿಯ ಸಂಭ್ರಮವನ್ನು ಎಳ್ಳಷ್ಟೂ ಕುಂದಿಸಿಕೊಳ್ಳದೆ, ಕಣದಲ್ಲಿ ರಾಶಿಪೂಜೆ ಮಾಡಿ, ಆಯಗಾರರಿಗೆ ಅವರವರ ಪಾಲನ್ನಳೆದು, ಉಂಡುಟ್ಟು ನಲಿದ ಮೇಲೆ, ಉಳಿದ ರಾಗಿಯನ್ನು ಗಟ್ಟಿನೆಲದಲ್ಲಿ ತೋಡಿದ ಹಗೇವಿಗೆ ಒಪ್ಪಿಸುತ್ತಿದ್ದನು. ಕಿರಿದಾದ ಬಾಯಿ, ವಿಶಾಲವಾದ ಗರ್ಭ, ತಳಕ್ಕೂ ಪಕ್ಕಕ್ಕೂ ಒಣಹುಲ್ಲಿನ ಹೊದಿಕೆ, ಮೇಲೊಂದು ಚಪ್ಪಡಿ, ಅದರ ಮೇಲೆ ಮಣ್ಣು: ಇಷ್ಟೇ ಅದರ ಶಿಲ್ಪ. ಗಾಳಿ ಹೊಗದ ಆ ಕತ್ತಲಲ್ಲಿ ಹುಳು ಬದುಕದು, ಮನುಷ್ಯನೂ ಬದುಕನು. ಆದುದರಿಂದಲೇ ಬಾಯಿ ತೆರೆದೊಡನೆ ಯಾರೂ ಇಳಿಯದೆ, ವಿಷವಾಯು ಹೊರಹೋಗುವಷ್ಟು ಹೊತ್ತು ಕಾದು, ಉರಿಯುವ ದೀಪವನ್ನು ಹಗ್ಗದಲ್ಲಿ ಇಳಿಬಿಟ್ಟು, ಅದು ನಂದದಿದ್ದರೆ ಮಾತ್ರ ಆಳನ್ನು ಇಳಿಸುತ್ತಿದ್ದರು.

1800-01ರಲ್ಲಿ ಮೈಸೂರು ಸೀಮೆಯನ್ನು ಸಂಚರಿಸಿದ ಫ್ರಾನ್ಸಿಸ್ ಬುಕನನ್ನನು ಈ ಹಗೇವುಗಳ ವಿಷಯವನ್ನು ಬರೆದಿಟ್ಟಿದ್ದಾನೆ. ರಾಗಿಯು ವರ್ಷಗಟ್ಟಲೆ ಕೆಡದಿರುವ ಧಾನ್ಯವೆಂಬುದನ್ನು ಅಕ್ಕಿಯುಣ್ಣುವವರು ಕೊಂಚ ಹೊಟ್ಟೆಕಿಚ್ಚಿನಿಂದಲಾದರೂ ಒಪ್ಪಬೇಕು. ಆದರೆ 1876-78ರ ಮಹಾಕ್ಷಾಮದಲ್ಲಿ, ಮಳೆಯು ಮೇಲಿಂದ ಮೇಲೆ ಕೈಕೊಡಲಾಗಿ, ಕೂಡಿಟ್ಟ ಧಾನ್ಯವೂ ಬರಿದಾಗಿ, ಮೈಸೂರು ಸಂಸ್ಥಾನವೊಂದರಲ್ಲಿಯೇ ಸುಮಾರು 10 ಲಕ್ಷ ಜನರು ಮಡಿದರು. ಹಗೇವೆಂಬುದು ಹೊಲವುಳ್ಳವನ ಸೊತ್ತು. ಅಂದಂದಿನ ಕೂಲಿಯನ್ನು ಅಂದಂದೇ ಉಣ್ಣುತ್ತಿದ್ದವನಿಗೆ ಹೂಳಿಡಲು ಮಿಗುತ್ತಿದ್ದುದು ಏನೂ ಇರಲಿಲ್ಲ.