ಹೈದರಾಬಾದು ಸಂಸ್ಥಾನದ ಆಕಾಶಮಾರ್ಗ: ೧೯೪೮

ಯುದ್ಧನಿಮಿತ್ತವಾಗಿ ಮುಚ್ಚಿದ ಆಕಾಶಮಾರ್ಗವು ಪರದೇಶದ ವಿಮಾನಗಳಿಗೆ ಮರಳಿ ತೆರೆಯುವುದು ಯಾವಾಗ? ಕಾಳಗ ನಿಂತೊಡನೆಯೇ ಎಂದು ಭಾವಿಸುವುದುಂಟು. ಚರಿತ್ರೆಯ ಸಾಕ್ಷ್ಯವು ಬೇರೆಯಾಗಿದೆ. ೧೯೬೫ರ ಸೆಪ್ಟೆಂಬರಿನಲ್ಲಿ ಭಾರತ ಪಾಕಿಸ್ತಾನಗಳ ನಡುವೆ ನಿಂತ ಸಂಚಾರವು ತಾಷ್ಕೆಂಟಿನ ಒಪ್ಪಂದದ ತರುವಾಯ ೧೯೬೬ರಲ್ಲಿ ಮರಳಿತು. ೧೯೭೧ರ ಫೆಬ್ರವರಿಯಲ್ಲಿ ಮುಚ್ಚಿದ ದಾರಿಯಾದರೋ, ಆ ವರ್ಷದ ಯುದ್ಧವು ಮುಗಿದು ನಾಲ್ಕು ವರ್ಷಗಳಿಗೂ ಮೇಲೆ, ೧೯೭೬ರಲ್ಲಿ ತೆರೆಯಿತು. ಹೀಗೆ ದಾರಿ ತೆರೆಯುವುದು ಉಭಯಪಕ್ಷಗಳ ಒಡಂಬಡಿಕೆಯಿಂದ. ಪಕ್ಷಗಳಲ್ಲೊಂದು ಇಲ್ಲವಾದರೆ ಏನಾಗುವುದೆಂಬುದಕ್ಕೆ, ಕಲಬುರಗಿಯು ಸೇರಿದ್ದ ಹೈದರಾಬಾದು ಸಂಸ್ಥಾನದ ವೃತ್ತಾಂತವು ನಿದರ್ಶನವಾಗಿದೆ.

ಪ್ರತಿಯೊಂದು ರಾಷ್ಟ್ರಕ್ಕೂ ತನ್ನ ನೆಲದ ಮೇಲಣ ಆಕಾಶದಲ್ಲಿ ಪೂರ್ಣಾಧಿಕಾರವುಂಟೆಂದು ೧೯೪೪ರ ಶಿಕಾಗೋ ಒಡಂಬಡಿಕೆಯು ವಿಧಿಸಿತ್ತು. ಹೈದರಾಬಾದಿಗೆ ಕಡಲತೀರವಿರಲಿಲ್ಲ, ಸುತ್ತಲೂ ಭಾರತದ ನೆಲವೇ. ಹೊರಗಿನಿಂದ ಬರುವ ವಿಮಾನವು ಭಾರತದ ಆಕಾಶವನ್ನು ಹಾಯದೆ ಅಲ್ಲಿಗಿಳಿಯುವಂತಿರಲಿಲ್ಲ. ೧೯೪೭ರ ನವೆಂಬರ್ ೨೯ರಂದು ಯಥಾಸ್ಥಿತಿ ಒಪ್ಪಂದವಾದರೂ ವೈಮನಸ್ಯವು ಬೆಳೆದು, ೧೯೪೮ರಲ್ಲಿ ಸರಕುಗಳ ಸಾಗಾಟವು ಬಿಗಿಯಾಯಿತು. ಔಷಧಗಳೂ ತಡೆಯಲ್ಪಟ್ಟುವೆಂದು ನಿಜಾಮ ಸರ್ಕಾರವು ದೂರಿತು.

ಆಗ ಆಸ್ಟ್ರೇಲಿಯಾದ ವೈಮಾನಿಕ ಸಿಡ್ನಿ ಕಾಟನ್ ಎಂಬಾತನು ಲ್ಯಾಂಕಾಸ್ಟ್ರಿಯನ್ ವಿಮಾನಗಳಲ್ಲಿ, ಕರಾಚಿಯಿಂದ ಇರುಳಿನಲ್ಲಿ ಹೊರಟು, ಬೀದರು ಮತ್ತು ವರಂಗಲ್ಲುಗಳಿಗೆ ಶಸ್ತ್ರಾಸ್ತ್ರಗಳನ್ನು ತಂದಿಳಿಸಿದನು. ಪರದೇಶದ ವಿಮಾನಸಂಚಾರವೆಂಬುದು ಈ ಸೀಮೆಗೆ ಆಗ ಒದಗಿದ್ದು ಈ ಬಗೆಯಲ್ಲಿ. ಕಲಬುರಗಿಯು ಸುಭಾದ ಮುಖ್ಯಪಟ್ಟಣ. ಅಲ್ಲಿಂದ ಕಮಲಾಪುರ, ಹುಮನಾಬಾದುಗಳ ಮೇಲೆ ಹಾದ ದಾರಿಯು ಬೀದರನ್ನು ಸೇರುತ್ತದೆ. ಶಸ್ತ್ರಗಳಿಳಿದ ಬಯಲು ಕಮಲಾಪುರದವರಿಗೆ ದೂರದ ಸಂಗತಿಯಾಗಿರಲಿಲ್ಲ.

ಸೆಪ್ಟೆಂಬರ್ ೧೩ರಂದು ಭಾರತದ ಮುಖ್ಯಪಡೆಯು ಸೊಲ್ಲಾಪುರದ ಕಡೆಯಿಂದ ನಳದುರ್ಗದ ಮಾರ್ಗವಾಗಿ ಒಳಹೊಕ್ಕಿತು. ೧೭ರಂದು ನಿಜಾಮನು ಕದನವಿರಾಮವನ್ನು ಸಾರಿದನು. ೧೮ರಂದು ಸೇನಾಪತಿ ಎಲ್ ಎಡ್ರೂಸನು ಮೇಜರ್ ಜನರಲ್ ಚೌಧರಿಯವರಿಗೆ ಶರಣಾದನು. ಭದ್ರತಾ ಮಂಡಲಿಗೆ ಆಗಸ್ಟಿನಲ್ಲಿ ಕೊಟ್ಟಿದ್ದ ದೂರನ್ನು ನಿಜಾಮನು ೨೨ರಂದು ಹಿಂತೆಗೆದುಕೊಂಡನು. ಅಲ್ಲಿಗೆ ವ್ಯಾಜ್ಯದ ಎರಡನೆಯ ಪಕ್ಷವೇ ಇಲ್ಲವಾಯಿತು. ಕರಾಚಿಯ ದಾರಿಯನ್ನು ಮತ್ತೆ ತೆರೆಯುವ ಮಾತೇ ಏಳಲಿಲ್ಲ. ಗಡಿಯು ಅಳಿಯಿತು, ಗಡಿಯೊಡನೆ ಆಕಾಶದ ತಡೆಯೂ ಅಳಿಯಿತು.

ನೆಲದ ಮೇಲಣ ಸ್ಥಿತಿಯು ಇಷ್ಟು ಸರಳವಾಗಿರಲಿಲ್ಲ. ರಜಾಕಾರರ ಹಾವಳಿಯಿಂದ ನೊಂದ ಜನರ ನಿಟ್ಟುಸಿರು ಆರುವ ಮೊದಲೇ ಪ್ರತೀಕಾರದ ಹಿಂಸೆಯು ಹಬ್ಬಿತು. ಸರ್ಕಾರವು ಕಳುಹಿಸಿದ ಪಂಡಿತ ಸುಂದರಲಾಲರ ಮಂಡಲಿಯು ಸತ್ತವರನ್ನು ೨೭,೦೦೦ದಿಂದ ೪೦,೦೦೦ದವರೆಗೆ ಅಂದಾಜು ಮಾಡಿ, ಅತಿಯಾಗಿ ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದು, ನಾಂದೇಡುಗಳೊಡನೆ ಕಲಬುರಗಿ, ಬೀದರುಗಳನ್ನೂ ಹೆಸರಿಸಿತು. ಆ ವರದಿಯು ದಶಕಗಳವರೆಗೆ ಬೆಳಕು ಕಾಣಲಿಲ್ಲ. ಆಕಾಶವು ಐದೇ ದಿನಗಳಲ್ಲಿ ತಿಳಿಯಾಯಿತೆಂದು ಬರೆಯುವ ಚರಿತ್ರಕಾರನು ಈ ಅಂಕೆಗಳನ್ನೂ ಜೊತೆಯಲ್ಲಿಯೇ ಬರೆಯತಕ್ಕದ್ದು.

೧೯೫೬ರ ನವೆಂಬರ್ ೧ರಂದು ಕಲಬುರಗಿಯು ಮೈಸೂರು ರಾಜ್ಯವನ್ನು ಸೇರಿತು. ಬೀದರಿನ ಬಯಲು ಭಾರತೀಯ ವಾಯುಪಡೆಯ ಶಿಕ್ಷಣಕೇಂದ್ರವಾಯಿತು. ಕಲಬುರಗಿಯ ವಿಮಾನನಿಲ್ದಾಣವು ೨೦೧೯ರ ನವೆಂಬರ್ ೨೨ರಂದು ತೆರೆದಾಗ ಮೊದಲು ಬಂದಿಳಿದದ್ದು ಬೆಂಗಳೂರಿನ ವಿಮಾನ. ೧೯೪೮ರಲ್ಲಿ ಬೆಂಗಳೂರು ಈ ಸೀಮೆಗೆ ಗಡಿಯಾಚೆಯ ಊರಾಗಿತ್ತೆಂಬುದನ್ನು ನೆನೆದರೆ, ತೆರೆದ ದಾರಿ ಯಾವುದೆಂಬುದು ಸ್ಪಷ್ಟವಾಗುತ್ತದೆ.